ಹಲ್ಲು ನೋಡದೆ ತಂದ ವಾಚು

ಕುರಿ ವ್ಯಾಪಾರದಲ್ಲಿ ನನ್ನನ್ನು ಯಾರೂ ಯಾಮಾರಿಸಲಾರರು ಎಂಬುದು ಮಂಡ್ಯದ ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ಬಾಯಿ ಬಿಡಿಸಿ ಹಲ್ಲು ನೋಡಿದರೆ ಸಾಕು, ಕುರಿಯ ವಯಸ್ಸು ಹೇಳಿಬಿಡುತ್ತೇನೆ. ಅಂಥವನಿಗೆ ಒಂದು ಹಳೇ ವಾಚು ಕೊಳ್ಳುವುದು ಯಾವ ಲೆಕ್ಕ!

ಮದುವೆಯಲ್ಲಿ ಬಂಡೂರಿನ ಮಾವ ನನ್ನ ಕೈಗೆ ಕಟ್ಟಿದ್ದ ಕೀ ಕೊಡುವ ವಾಚು, ನಾಲೆಯಲ್ಲಿ ಕೈ ತೊಳೆಯುವಾಗ ಜಾರಿಹೋಯಿತು. ಯುಗಾದಿ ಮಾರನೆಯ ದಿನ ಹೊಸತೊಡಕಿನ ಬಾಡೂಟಕ್ಕೆ ಮಾವ ಬರುವವರಿದ್ದರು. ಬಂದವರು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಮಣಿಕಟ್ಟನ್ನು. ನನಗೆ ಭಯವಾಯಿತು.

"ನಿಜ ಯೋಳ್ಬುಡಿ," ಎಂದಳು ಹೆಂಡತಿ ಜಯಮ್ಮ. "ಕಳ್ದೋಯ್ತು ಅಂದ್ರೆ ನಮ್ಮಪ್ಪ ಒಂದ್ ಗಳ್ಗೆ ಬೈತದೆ. ಸುಳ್ಳು ಅಂತ ಗೊತ್ತಾದ್ರೆ ಸಾಯೋಗಂಟ ನಗ್ತದೆ."

ನಾನು ಕೇಳಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಅದೇ ಮಾದರಿಯ ಹಳೇ ವಾಚುಗಳು ಹತ್ತಾರು! ಒಂದರ ಡಯಲು ಹಳದಿಗಟ್ಟಿತ್ತು, ಗಾಜಿನ ಮೇಲೆ ಗೀರು ಬೇರೆ. ಮಾರುವವನು ಹಿಂದಿನ ಮುಚ್ಚಳ ತೆಗೆದು ಒಳಗಿನ ಚಕ್ರಗಳ ಫೋಟೋವನ್ನೂ ಹಾಕಿದ್ದ. ಬಿಚ್ಚಿ ತೋರಿಸುತ್ತಾನೆಂದರೆ ರಿಪೇರಿ ಮಾಲೇ ಇರಬೇಕೆಂದು ಅದನ್ನು ಬಿಟ್ಟೆ. ಇನ್ನೊಂದು ತಳತಳ ಹೊಳೆಯುತ್ತಿತ್ತು. ಮೈ ಹೊಳೆಯುವ ಕುರಿಯೇ ಒಳ್ಳೇ ಕುರಿ ಎಂಬ ಸೂತ್ರದಂತೆ ಅದನ್ನೇ ತರಿಸಿದೆ.

ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಶಾಸ್ತ್ರೋಕ್ತವಾಗಿ ಕೀ ಕೊಟ್ಟೆ. ಹಳೆಯದು ಇಪ್ಪತ್ತು ಸುತ್ತಿಗೇ ಬಿಗಿಯುತ್ತಿತ್ತು. ಇದು ಎಷ್ಟು ತಿರುಗಿಸಿದರೂ ಬಿಗಿಯಲಿಲ್ಲ. ಎಂಥ ಭಾರಿ ಸ್ಪ್ರಿಂಗು ಹಾಕಿದ್ದಾರಪ್ಪ ಎಂದು ಹೆಮ್ಮೆಪಟ್ಟೆ.

ಹೊಸತೊಡಕಿನ ದಿನ ಮುದ್ದೆ ಬಡಿಸಲು ಚಾಚಿದ ನನ್ನ ಕೈಯನ್ನು ಮಾವ ಹಿಡಿದುಕೊಂಡರು. ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ.

"ಅಳಿಯಂದ್ರ ತಲೆ ನರ್ತೋಯ್ತು. ವಾಚ್ ಮಾತ್ರ ಎಳೇದಾಗ್ಬುಟ್ಟದಲ್ಲ," ಎಂದರು.

ಊಟ ಬಿಟ್ಟು, ಜೇಬಿನಿಂದ ಅಡಿಕೆ ಕತ್ತರಿಸುವ ಚಾಕು ತೆಗೆದು ವಾಚಿನ ಮುಚ್ಚಳ ಎಬ್ಬಿಸಿದರು. ಒಳಗೆ ಸ್ಪ್ರಿಂಗೂ ಇಲ್ಲ, ಗಿಂಗೂ ಇಲ್ಲ. ಅಂಗಿ ಗುಂಡಿಯಷ್ಟು ಒಂದು ಸೆಲ್ಲು! ಇಷ್ಟು ದಿನ ನಾನು ಕೀ ಕೊಟ್ಟದ್ದು ಸೆಲ್ಲಿಗೆ!

"ಕುರಿ ತಕಳಾಗ ಬಾಯ್ ಬುಡ್ಸಿ ನೋಡ್ತೀರಿ. ಇದ್ರ ಬಾಯ್ ಬುಡ್ಸಿ ನೋಡ್ನಿಲ್ವಾ ಅಳಿಯಂದ್ರೇ?"

ನಾಲೆಯ ಕತೆಯನ್ನು ಒಪ್ಪಿಕೊಂಡೆ. ಮಾವ ಬೈಯಲಿಲ್ಲ. ಜಯಮ್ಮ ಹೇಳಿದಂತೆಯೇ ನಗಲು ಶುರು ಮಾಡಿದವರು ಇನ್ನೂ ನಿಲ್ಲಿಸಿಲ್ಲ.

ವಾಚು ಮಾತ್ರ ಸೆಕೆಂಡೂ ತಪ್ಪದೆ ನಡೆಯುತ್ತಿದೆ. ಈಗ ಮಳವಳ್ಳಿ ಸಂತೆಯಲ್ಲಿ ಕುರಿಯ ಹಲ್ಲು ನೋಡುವವಳು ಜಯಮ್ಮ. ಹಗ್ಗ ಹಿಡಿಯುವವನು ನಾನು.