ಮನೆಯಲ್ಲಿ ಕೂತಿರುವವಳು, ಮನೆಯಿಂದ ಕೆಲಸ ಮಾಡುವವಳು

ಮನೆಯಿಂದಲೇ ಮಾಡುವಂಥ ಕೆಲಸ ಹುಡುಕುತ್ತಾ ಕೂತವರಿಗೆ, ಕೆಲಸ ಸಿಗುವ ಮುಂಚೆ ನಗೆಪಾಟಲಿನ ಪ್ರಸಂಗಗಳೇ ಒಂದರ ಹಿಂದೆ ಒಂದು ಸಿಗುತ್ತಿರುತ್ತವೆ. ನನಗಂತೂ ಎಷ್ಟು ಸಿಕ್ಕವೆಂದರೆ, ಪ್ರಸಂಗಕ್ಕೆ ಇಷ್ಟು ಅಂತ ಸಂಬಳ ಕೊಡುವ ಕಂಪನಿ ಇದ್ದಿದ್ದರೆ ನಾನು ಬೇರೆ ಕೆಲಸ ಹುಡುಕಬೇಕಾಗೇ ಇರಲಿಲ್ಲ.

ಮೊದಲು ಸ್ವಲ್ಪ ವಿವರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಗೊಂದಲವಾಗಬಹುದು. ನಾವಿರುವುದು ಆಸ್ಟ್ರೇಲಿಯಾದ ಪರ್ತ್ ನಗರದ ಪಿಯಾರಾ ವಾಟರ್ಸ್‌ನಲ್ಲಿ. ನನ್ನ ಗಂಡನ ವೀಸಾದ ಮೇಲೆ ಬಂದವರು. ಗಂಡನ ವೀಸಾ ಎಂದರೆ ನುರಿತ ಕೆಲಸಗಾರನ ವೀಸಾ. ಅದರಲ್ಲಿ ನುರಿತವರು ಅವರು, ನಾನು ಜೊತೆಗೆ ಬಂದವಳು. ಮೈಸೂರಿನಲ್ಲಿ ನಾನೂ ಒಬ್ಬ ಆಡಿಟರ್ ಆಫೀಸಿನಲ್ಲಿ ನುರಿತವಳೇ ಆಗಿದ್ದೆ, ಆದರೆ ಅದನ್ನು ಇಲ್ಲಿ ಯಾರೂ ಕೇಳಲಿಲ್ಲ. ಮಗ ಆಗಷ್ಟೇ ಶಾಲೆಗೆ ಸೇರಿದ್ದ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಮ್ಮ ಬಡಾವಣೆಗೆ ಬಸ್ಸು ಬಂದರೆ ಜನ ಕಿಟಕಿಯಿಂದ ನೋಡುವಷ್ಟು ಅಪರೂಪ. ಹಾಗಾಗಿ ಮನೆಯಿಂದ ಮಾಡುವ ಕೆಲಸವೇ ಬೇಕಿತ್ತು. ಇದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಓರಗಿತ್ತಿ.

ಅತ್ತೆಯ ಫೋನು

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಅವರ ಫ್ಲ್ಯಾಟು. ಅವಳು ಮನೆಯಲ್ಲೇ ಕೂತು ಯಾವುದೋ ಕಂಪನಿಗೆ ಕೆಲಸ ಮಾಡುತ್ತಿದ್ದಳು. ನಾನೂ ಮನೆಯಲ್ಲೇ ಕೂತಿರುತ್ತಿದ್ದೆ. ಇಬ್ಬರ ಕುರ್ಚಿಗಳೂ ಒಂದೇ ಅಂಗಡಿಯವು, ಅವಳದ್ದು ನೋಡಿಯೇ ನಾನು ಹಟ ಹಿಡಿದು ತರಿಸಿದ್ದೆ. ಆದರೂ ಮೈಸೂರಿನಲ್ಲಿದ್ದ ನಮ್ಮತ್ತೆ ಎಲ್ಲರಿಗೂ ಹೇಳುತ್ತಿದ್ದದ್ದು ಹೀಗೆ: "ಚಿಕ್ಕವಳು ಮನೆಯಿಂದಲೇ ಕೆಲಸ ಮಾಡ್ತಾಳೆ. ದೊಡ್ಡವಳು ಮನೇಲೇ ಇರ್ತಾಳೆ."

ಅತ್ತೆ ಫೋನ್ ಮಾಡಿದರೆ ಬೇಗ ಇಡುವವರಲ್ಲ. ಪಕ್ಕದ ಮನೆಯ ನಾಯಿಯಿಂದ ಶುರುಮಾಡಿ ತಮ್ಮ ಮಂಡಿನೋವಿನವರೆಗೆ ಬರಬೇಕು. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಅಮ್ಮಾ, ಬ್ರಿಸ್ಬೇನಿಗೂ ಒಂದ್ಸಲ ಫೋನ್ ಮಾಡಿ ಮಾತಾಡಿ. ಅವಳಿಗೂ ಬೇಜಾರಾಗಬಾರದು."

"ಅಯ್ಯೋ, ಅವಳು ಕೆಲಸದಲ್ಲಿರ್ತಾಳಮ್ಮ. ಪಾಪ, ಯಾಕೆ ತೊಂದರೆ ಕೊಡೋದು? ಅವಳಿಗೆ ಹೇಳಬೇಕಾದ್ದನ್ನೂ ನಿನಗೇ ಹೇಳ್ಬಿಡ್ತೀನಿ. ಕೇಳಿಸ್ಕೋ."

ಅವಳಿಗೆ ಸಂಬಳ ಬರುತ್ತದೆಂದು ನನಗೆ ಅಷ್ಟೇನೂ ಹೊಟ್ಟೆಯುರಿ ಇರಲಿಲ್ಲ, ನಿಜವಾಗಿ ಹೇಳುತ್ತೇನೆ. ಅವಳ ಪಾಲಿನ ಮಂಡಿನೋವನ್ನೂ ನಾನೇ ಕೇಳಬೇಕಾಗಿತ್ತಲ್ಲ, ಅದಕ್ಕೆ.

ತೂಕದ ಯಂತ್ರ

ನಮ್ಮ ಮನೆಯ ಹತ್ತಿರದ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಒಂದು ಚೀಟಿ ಅಂಟಿಸಿದ್ದರು. "ಮನೆಯಿಂದ ಕೆಲಸ ಮಾಡಿ, ನಿಮಗೆ ನೀವೇ ಬಾಸ್" ಎಂದಿತ್ತು. ಫೋನ್ ಮಾಡಿದರೆ, ಜೂಂಡಲಪ್‌ನಲ್ಲಿ ಭಾನುವಾರ ಒಂದು ಸಭೆ ಇದೆ ಬನ್ನಿ ಅಂದರು. ನಾವು ಊರಿನ ದಕ್ಷಿಣದ ತುದಿ, ಜೂಂಡಲಪ್ ಉತ್ತರದ ತುದಿ. ದಾರಿಯಲ್ಲಿ ನನ್ನ ಗಂಡ ಒಂದೇ ಒಂದು ಸಲ ಕೇಳಿದರು.

"ಮನೆಯಿಂದ ಮಾಡೋ ಕೆಲಸಕ್ಕೆ ಇಷ್ಟು ದೂರ ಯಾಕೆ ಹೋಗ್ಬೇಕು?"

ನಾನು ಫೋನಿನಲ್ಲಿ ನಕ್ಷೆ ನೋಡಿ, ಇನ್ನೂ ನೇರ ಹೋಗಿ ಅಂದೆ.

ಹಾಲ್‌ನ ಒಳಗೆ ಹೋದರೆ ಅರ್ಧಕ್ಕರ್ಧ ನಮ್ಮವರೇ! ನಮ್ಮವರು ಎಂದರೆ ಗಣೇಶನ ಹಬ್ಬದಲ್ಲಿ ಸಿಗುವವರು. ಎಲ್ಲರೂ ಕೊಟ್ಟಿದ್ದ ಬಣ್ಣದ ಪುಸ್ತಿಕೆಯನ್ನು ಮುಖದ ಮುಂದೆ ಹಿಡಿದು ಬಹಳ ಗಮನವಿಟ್ಟು ಓದುತ್ತಿದ್ದರು. ಹಬ್ಬದಲ್ಲಿ ಚಿತ್ರಾನ್ನ ಬಡಿಸುವ ಒಬ್ಬರು ನನ್ನ ಪಕ್ಕದಲ್ಲೇ ಸಿಕ್ಕಿಬಿದ್ದರು.

"ಓ ನೀವಾ! ನಾವು ಸುಮ್ನೆ ಹೀಗೇ ಈ ಕಡೆ ಬಂದಿದ್ವಿ, ಏನೋ ಜನ ಸೇರಿದ್ದಾರೆ ಅಂತ ಒಳಗೆ ಬಂದ್ವಿ," ಅಂದರು.

"ನಾವೂ ಅಷ್ಟೇ, ಸುಮ್ನೆ," ಅಂದೆ. ನಮ್ಮಿಬ್ಬರ ಎದೆಯ ಮೇಲೂ ಮುಂಚಿತವಾಗಿ ಹೆಸರು ಕೊಟ್ಟವರಿಗೆ ಮಾತ್ರ ಸಿಗುವ ಅಚ್ಚಾದ ಬ್ಯಾಡ್ಜು ಇತ್ತು.

ಬಹಳ ಹೊತ್ತಿನ ಭಾಷಣ ಆದ ಮೇಲೆ ತಿಳಿದದ್ದು, ಅವರು ಕೆಲಸ ಕೊಡುವವರಲ್ಲ, ಸಣ್ಣಗಾಗುವ ಪುಡಿ ಮಾರುವವರು. ಮೊದಲು ನಾವು ಕೊಳ್ಳಬೇಕು, ಆಮೇಲೆ ನೆಂಟರಿಗೆ ಮಾರಬೇಕು. ಅದಕ್ಕೆ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಂತ್ರ ಹತ್ತಿಸಿ, ತೂಕವನ್ನು ಮೈಕಿನಲ್ಲಿ ಓದಿದರು.

ಕೆಲಸ ಸಿಗಲಿಲ್ಲವೆಂದು ನನಗೆ ದುಃಖವಾಗಲಿಲ್ಲ. ಚಿತ್ರಾನ್ನದವರ ತೂಕ ನನಗಿಂತ ಕಡಿಮೆ ಬಂತು. ಬಡಿಸುವಾಗ ತಮ್ಮ ತಟ್ಟೆಗೆ ಎಷ್ಟು ಹಾಕಿಕೊಳ್ಳುತ್ತಾರೆಂದು ನಾನು ಕಣ್ಣಾರೆ ನೋಡಿದ್ದೇನೆ! ಇದು ಯಾವ ನ್ಯಾಯ?

ಆಂಟಿಯ ಕಾಲು

ನಮ್ಮ ಪಕ್ಕದ ಮನೆಯಲ್ಲಿ ಮಂಗಳೂರಿನ ಕಡೆಯ ಕ್ಯಾಥೊಲಿಕ್ ಆಂಟಿ ಒಬ್ಬರಿದ್ದರು. ಬಹಳ ವರ್ಷ ಗಲ್ಫ್‌ನಲ್ಲಿದ್ದು ಇಲ್ಲಿಗೆ ಬಂದವರು. ಅವರೂ ಮನೆಯಿಂದಲೇ ಏನೋ ಕೆಲಸ ಮಾಡುತ್ತಾರೆ ಎಂದು ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. ಒಂದೇ ಬೇಲಿಯ ಆಚೆ ಒಬ್ಬರಿಗೆ ಕೆಲಸ, ಈಚೆ ಒಬ್ಬರಿಗೆ ಇಲ್ಲ ಎಂದರೆ ಯಾರಿಗಾದರೂ ಕುತೂಹಲ ಬರುವುದಿಲ್ಲವೇ? ಬಟ್ಟೆ ಒಣಹಾಕುವ ನೆಪದಲ್ಲಿ ಬೇಲಿಯ ಸಂದಿಯಿಂದ ನೋಡಿದೆ. ಆಂಟಿ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲಿನದು ಪರದೆಯ ಮರೆಯಲ್ಲಿ ಕಾಣಲಿಲ್ಲ. ಕೆಳಗೆ ಅವರ ಬಲಗಾಲು ಒಂದು ಪೆಡಲನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

ಗೊತ್ತಾಯಿತು, ಟೈಲರಿಂಗ್! ಈ ಊರಿನಲ್ಲಿ ಒಂದು ಬ್ಲೌಸ್ ಹೊಲಿಸಲು ಜನ ಇಂಡಿಯಾಕ್ಕೆ ಹೋಗುವವರೆಗೆ ಕಾಯುತ್ತಾರೆ. ಈ ಆಂಟಿ ಯಾರಿಗೂ ಹೇಳದೆ ಒಳಗೊಳಗೇ ಹೊಲಿದುಕೊಂಡು ಕೂತಿದ್ದಾರೆ! ರಸ್ತೆಯಲ್ಲಿದ್ದ ನಮ್ಮವರಿಗೆಲ್ಲ ವಿಷಯ ಮುಟ್ಟಿಸಿ, ನಾನೂ ಒಂದು ಸೀರೆ ಹಿಡಿದು ಹೋದೆ.

"ಆಂಟಿ, ಇದಕ್ಕೆ ಫಾಲ್ ಹಾಕಿಕೊಡ್ತೀರಾ?"

"ನಾನಾ? ಎಂತಕ್ಕೆ?"

"ನಿಮ್ಮ ಮೆಷಿನ್ ನೋಡ್ದೆ ಆಂಟಿ. ಕಾಲು ಕಾಣಿಸ್ತು."

ಆಂಟಿ ನನ್ನನ್ನು ಒಳಗೆ ಕರೆದು ತೋರಿಸಿದರು. ಮೇಜಿನ ಮೇಲೆ ಕಂಪ್ಯೂಟರು, ಕಿವಿಗೆ ಹೆಡ್‌ಫೋನು. "ಕ್ಲಿನಿಕ್‌ನ ಡಾಕ್ಟರರು ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಾರೆ ಮಾರಾಯ್ತಿ, ನಾನು ಕೇಳಿ ಟೈಪ್ ಮಾಡುವುದು. ಪೆಡಲ್ ಒತ್ತಿದರೆ ಡಾಕ್ಟರ್ ಮಾತಾಡುತ್ತಾರೆ, ಬಿಟ್ಟರೆ ನಿಲ್ಲಿಸುತ್ತಾರೆ."

ಒತ್ತಿದರೆ ಮಾತು, ಬಿಟ್ಟರೆ ಮೌನ! ನಮ್ಮತ್ತೆಯ ಫೋನಿಗೆ ಅಂಥದ್ದೊಂದು ಸಿಕ್ಕರೆ ಎಂದು ನನಗೆ ಆ ಪೆಡಲಿನ ಮೇಲೂ ಆಸೆಯಾಯಿತು.

"ನಿಮಗೆ ಹೇಗೆ ಸಿಕ್ತು ಆಂಟಿ ಈ ಕೆಲಸ?"

"ಕ್ಲಿನಿಕ್ಕಿಗೆ ನಾನೇ ಹೋಗಿ ಕೇಳಿದ್ದು. ಟೈಪಿಂಗ್ ಪರೀಕ್ಷೆ ಮಾಡಿದರು, ಒಮ್ಮೆ ಫೇಲಾದೆ, ಮತ್ತೆ ಕಲಿತು ಹೋದೆ. ನೋಡು, ಪರೀಕ್ಷೆ ಮಾಡದೆ ಕೆಲಸ ಕೊಡುವವನನ್ನು ನಂಬಬೇಡ. ಕೆಲಸ ಕೊಡುವ ಮೊದಲೇ ನಿನ್ನ ಹತ್ತಿರ ಫೀಸು ಕೇಳುವವನನ್ನೂ ನಂಬಬೇಡ. ಗಲ್ಫಿನಲ್ಲಿ ಅಂಥವರನ್ನು ಎಷ್ಟು ನೋಡಿದ್ದೇನೆ! ನಿನಗೂ ಟೈಪಿಂಗ್ ಕಲಿಸಬೇಕಾ?"

ಕಲಿಯಬೇಕು, ಪರೀಕ್ಷೆ ಬರೆಯಬೇಕು, ಫೇಲಾಗಬೇಕು ಎಂದೆಲ್ಲ ಕೇಳಿ, ನಾನು ಮುಂದೆ ಬರುವುದು ಆಂಟಿಗೆ ಇಷ್ಟವಿಲ್ಲ ಎಂದುಕೊಂಡು ಮನೆಗೆ ಬಂದೆ.

ಸಂಜೆಯ ಹೊತ್ತಿಗೆ ಆಂಟಿಯ ಬಾಗಿಲಲ್ಲಿ ರಸ್ತೆಯ ಹೆಂಗಸರು ಬ್ಲೌಸ್ ಪೀಸು, ಲೈನಿಂಗು, ಅಳತೆಯ ರವಿಕೆ ಹಿಡಿದು ನಿಂತಿದ್ದರು. ಕಿಟಕಿಯಿಂದ ನೋಡಿ ನನಗೆ ಸಂಕಟವಾಯಿತು. ಬೇಡ ಬೇಡ ಎಂದವರ ಮನೆಗೇ ಎರಡನೇ ಕೆಲಸವೂ ಹುಡುಕಿಕೊಂಡು ಹೋಗಿತ್ತು.

ಡಿಯರ್ ಮೇಡಂ

ಆಸ್ಟ್ರೇಲಿಯಾದಲ್ಲಿರುವ ಕನ್ನಡದ ಹೆಂಗಸರದ್ದೇ ಒಂದು ಆನ್‌ಲೈನ್ ಗುಂಪು ಇತ್ತು. ಅದರಲ್ಲಿ ಒಂದು ದಿನ ಜಾಹೀರಾತು ಬಂತು: ಮನೆಯಿಂದ ಡೇಟಾ ಎಂಟ್ರಿ, ಅನುಭವ ಬೇಡ. ಸಾಮಾನ್ಯವಾಗಿ ಆ ಗುಂಪಿನಲ್ಲಿ ಯಾರಾದರೂ ಹುಣಸೆಹಣ್ಣು ಎಲ್ಲಿ ಸಿಗುತ್ತದೆ ಎಂದು ಕೇಳಿದರೂ ಉತ್ತರಗಳ ಸುರಿಮಳೆ. ಇದರ ಕೆಳಗೆ ಮಾತ್ರ ಒಬ್ಬರೂ ಒಂದಕ್ಷರ ಬರೆದಿರಲಿಲ್ಲ. ಯಾರಿಗೂ ಆಸಕ್ತಿಯಿಲ್ಲ, ಸದ್ಯ ಎಂದು ನಾನು ಗುಟ್ಟಾಗಿ ಅರ್ಜಿ ಹಾಕಿದೆ.

ಮ್ಯಾನೇಜರ್ ಎನ್ನುವವನು ಚಾಟ್‌ನಲ್ಲೇ ಇಂಟರ್‌ವ್ಯೂ ಮಾಡಿದ. ಹಾಲು ಉಕ್ಕುವಷ್ಟರಲ್ಲಿ ಆಯ್ಕೆಯಾಗಿಬಿಟ್ಟೆ. "ಡಿಯರ್ ಮೇಡಂ, ಕಂಗ್ರಾಜುಲೇಷನ್ಸ್" ಎಂದು ಬರೆದು ಪಕ್ಕದಲ್ಲಿ ಒಂದು ಗುಲಾಬಿ ಹೂವಿನ ಚಿತ್ರ ಹಾಕಿದ್ದ. ಮುಂದಿನ ಹೆಜ್ಜೆ, ಪಾಸ್‌ಪೋರ್ಟಿನ ಪ್ರತಿ ಮತ್ತು ಬ್ಯಾಂಕ್ ಖಾತೆಯ ವಿವರ ಕಳಿಸುವುದು, ತರಬೇತಿಯ ಫೀಸು ಕಟ್ಟುವುದು.

ಗಂಡನಿಗೆ ಮಾತ್ರ ಹೇಳಿದೆ.

"ಇಂಟರ್‌ವ್ಯೂನಲ್ಲಿ ಏನು ಕೇಳಿದ?"

"ಟೈಪಿಂಗ್ ಬರುತ್ತಾ ಅಂತ."

"ನೀನೇನಂದೆ?"

"ಬರುತ್ತೆ ಅಂತ ಟೈಪ್ ಮಾಡಿದೆ."

"ಅಷ್ಟೇನಾ?"

"ಅಷ್ಟೇ ಅಂದ್ರೆ? ತಪ್ಪಿಲ್ಲದೆ ಟೈಪ್ ಮಾಡಿದೆ!"

ಅವರು ತಲೆ ಚಚ್ಚಿಕೊಂಡು, "ಏನೂ ಕಳಿಸಬೇಡ ಮಾರಾಯ್ತಿ, ಪಾಸ್‌ಪೋರ್ಟ್ ಅವನ ಕೈಗೆ ಹೋದ್ರೆ ನಿನ್ನ ಹೆಸರಲ್ಲಿ ಸಾಲ ತೆಗೀತಾನೆ," ಅಂದರು. ಇವರಿಗೆ ಕೆಲಸ ಸಿಗಲು ಒಂದು ವರ್ಷ ಹಿಡಿದಿತ್ತು, ಎಷ್ಟೋ ಸುತ್ತಿನ ಇಂಟರ್‌ವ್ಯೂ ಆಗಿತ್ತು. ನನಗೆ ಹಾಲು ಉಕ್ಕುವಷ್ಟರಲ್ಲಿ ಸಿಕ್ಕಿತು. ಹೊಟ್ಟೆಕಿಚ್ಚು ಇರದೇ ಇರುತ್ತದೆಯೇ, ಗಂಡನಾದರೇನು!

ಮೂರು ಊರಿನ ಆಯ್ಕೆ

ಶುಕ್ರವಾರ ಎಲ್ಲವನ್ನೂ ಕಳಿಸೋಣವೆಂದು ಕೂತೆ. ಆದರೆ ಬೆಳಿಗ್ಗೆ ರಾಹುಕಾಲ. ಹೊಸ ಕೆಲಸ, ರಾಹುಕಾಲದಲ್ಲಿ ಹೇಗೆ ಶುರುಮಾಡುವುದು? ಪರ್ತಿನ ಗಡಿಯಾರದ ರಾಹುಕಾಲ ಮುಗಿಯಲಿ ಎಂದು ಕಾದೆ. ಮುಗಿದ ಮೇಲೆ, ಕ್ಯಾಲೆಂಡರ್ ಮೈಸೂರಿನದಲ್ಲವೇ, ಆ ಲೆಕ್ಕದಲ್ಲಿ ಇನ್ನೂ ಶುರುವೇ ಆಗಿಲ್ಲವಲ್ಲ ಎಂದು ಹೊಳೆಯಿತು. ಎರಡೂ ಮುಗಿಯಲಿ ಎಂದುಕೊಂಡೆ. ಸುಮ್ಮನೆ ಕೂತಿರಲು ಆಗದೆ ಬ್ರಿಸ್ಬೇನಿಗೆ ಫೋನ್ ಮಾಡಿದೆ. ದೃಷ್ಟಿಯಾದರೆ ಆಗಲಿ, ಓರಗಿತ್ತಿಗೆ ಹೇಳದೆ ಸಿಕ್ಕ ಕೆಲಸ ಯಾವ ಕೆಲಸ?

"ನನಗೂ ಕೆಲಸ ಸಿಕ್ತು ಕಣೇ. ಮನೆಯಿಂದಲೇ," ಅಂದೆ.

ಆ ಕಡೆ ಮೌನ. ಆ ಮೌನವನ್ನು ನಾನು ಎಷ್ಟು ಸವಿದೆ ಎಂದರೆ ಬರೆಯಲು ನಾಚಿಕೆಯಾಗುತ್ತದೆ.

"ಅಕ್ಕಾ," ಅಂದಳು ಕೊನೆಗೆ, "ಅವನು ಪ್ರತಿ ಸಾಲಿಗೂ ಗುಲಾಬಿ ಹಾಕ್ತಾನಾ?"

"ಹೂಂ. ನಿನಗೆ ಹೇಗೆ ಗೊತ್ತು?"

"ನನಗೂ ಹಾಕ್ತಾನೆ."

"ನಿನಗ್ಯಾಕೆ? ನಿನಗೆ ಕೆಲಸ ಇದೆಯಲ್ಲ!"

"ಆ ಕಂಪನಿ ಮುಚ್ಚಿ ಎಷ್ಟೋ ತಿಂಗಳಾಯ್ತಕ್ಕ."

"ಒಂದು ಮಾತು ಹೇಳಬಾರದಾ?"

"ಹೇಳಿದ್ರೆ ಅತ್ತೆ ಫೋನ್ ಮಾಡ್ತಾರಲ್ಲ!"

ಒಂದೇ ಮ್ಯಾನೇಜರು ಇಬ್ಬರನ್ನೂ ಒಂದೇ ಪದಗಳಲ್ಲಿ ಆಯ್ಕೆ ಮಾಡಿದ್ದ. ನನ್ನ ಗಂಡ ಹೇಳಿದ್ದು ಸರಿ ಎಂದು ಆಗ ತಲೆಗೆ ಹೋಯಿತು. ಪುಣ್ಯಕ್ಕೆ ಅವಳೂ ಏನೂ ಕಳಿಸಿರಲಿಲ್ಲ. ಬ್ರಿಸ್ಬೇನ್ ರಾಹುಕಾಲವೋ ಮೈಸೂರು ರಾಹುಕಾಲವೋ ತಿಳಿಯದೆ ಅವಳೂ ಕಾಯುತ್ತಾ ಕೂತಿದ್ದಳು.

ಆಗ ನನಗೆ ಅಡಿಲೇಡಿನ ಗೆಳತಿಯ ನೆನಪಾಯಿತು. ಕಾಲೇಜಿನಲ್ಲಿ ನನ್ನ ಬೆಂಚಿನವಳು, ಅದೇ ಆನ್‌ಲೈನ್ ಗುಂಪಿನಲ್ಲೂ ಇದ್ದಳು. ಎರಡು ದಿನದಿಂದ ಅವಳ ಸ್ಟೇಟಸ್ಸಿನಲ್ಲಿ "ಹೊಸ ಆರಂಭ" ಎಂದಿತ್ತು. ಅದನ್ನು ನೋಡಿ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಮೂವರೂ ಒಂದೇ ಕಾಲ್‌ನಲ್ಲಿ ಸೇರಿದೆವು.

"ಗುಲಾಬೀನಾ? ಹೌದು ಕಣೇ! ನಾನು ಆಗ್ಲೇ ಎಲ್ಲಾ ಕಳಿಸಿದೆ. ಫೀಸು ಮಾತ್ರ ಇವತ್ತು ಆರ್ವೋದಲ್ಲಿ ಕಟ್ತೀನಿ ಅಂದಿದ್ದೀನಿ," ಅಂದಳು. ಆರ್ವೋ ಎಂದರೆ ಇಲ್ಲಿನವರ ಮಧ್ಯಾಹ್ನ. "ರಾಹುಕಾಲದಲ್ಲೆಲ್ಲ ನನಗೆ ನಂಬಿಕೆ ಇಲ್ಲ."

ನಾನು ಓಡಿಹೋಗಿ ಆಂಟಿಯನ್ನು ಕರೆತಂದೆ. ಆಂಟಿ ಫೋನ್ ಕಿತ್ತುಕೊಂಡು, "ನೋಡು ಮಗಾ, ಅಳುವುದು ಆಮೇಲೆ. ನಿನ್ನ ಬ್ಯಾಂಕ್ ಕಾರ್ಡಿನ ಹಿಂದೆ ನಂಬರ್ ಉಂಟಲ್ಲ, ಅದಕ್ಕೇ ಮಾಡು. ಅವನು ಕೊಟ್ಟ ಯಾವ ನಂಬರಿಗೂ ಮಾಡಬೇಡ. ಪಾಸ್‌ಪೋರ್ಟಿನ ವಿಷಯ ಪೊಲೀಸರಿಗೂ ಹೇಳು," ಅಂದರು. ನನ್ನ ಕಡೆ ತಿರುಗಿ, "ನಾಳೆಯಿಂದ ನೀನು ಟೈಪಿಂಗಿಗೆ ಬಾ. ಎಂತದ್ದೂ ಮಾತಾಡಬೇಡ," ಅಂದರು. ನಾನು ಮರುದಿನದಿಂದ ಹೋದೆ. ನಾನೂ ಒಮ್ಮೆ ಫೇಲಾಗಿ, ಆಮೇಲೆ ಪಾಸಾಗಿ, ಈಗ ಅದೇ ಕೆಲಸ ಮಾಡುತ್ತಿದ್ದೇನೆ.

ಅಡಿಲೇಡಿನವಳ ಖಾತೆಯನ್ನು ಬ್ಯಾಂಕಿನವರು ಕೂಡಲೇ ಬಂದ್ ಮಾಡಿದರು. ಏನೂ ಹೋಗಿರಲಿಲ್ಲ. ಸಂಜೆ ಮತ್ತೆ ಮೂವರೂ ಕಾಲ್‌ನಲ್ಲಿ ಸೇರಿ, ಉಸ್ಸಪ್ಪಾ ಎಂದು ಕಾಫಿ ಕುಡಿಯುತ್ತಾ ಕೂತೆವು.

"ಥೂ, ಎಂಥ ಮೋಸ. ನನ್ನನ್ನ ರೀಜನಲ್ ಮ್ಯಾನೇಜರ್ ಮಾಡ್ತೀನಿ ಅಂದಿದ್ದ ಕಣ್ರೇ," ಅಂದಳು ಅಡಿಲೇಡಿನವಳು.

"ನನಗೆ ಟೀಮ್ ಲೀಡರ್ ಅಂದ," ಅಂದಳು ಓರಗಿತ್ತಿ, ಸ್ವಲ್ಪ ಸಪ್ಪಗೆ. "ನಿಮಗೇನಂದ ಅಕ್ಕಾ?"

ನಾನು ಕಾಫಿ ಕೆಳಗಿಟ್ಟೆ. ನನಗೆ ಅವನು ಹೇಳಿದ್ದು ಟ್ರೈನಿ. ಅದೂ ಜೂನಿಯರ್.

ಕಾಲ್ ಇಟ್ಟ ಮೇಲೆ ಅವನನ್ನು ಬ್ಲಾಕ್ ಮಾಡಬೇಕೆಂದು ಆಂಟಿ ಕಟ್ಟುನಿಟ್ಟಾಗಿ ಹೇಳಿದ್ದರು. ಬೆರಳು ಆ ಗುಂಡಿಯವರೆಗೂ ಹೋಯಿತು. ಅಲ್ಲಿಂದ ವಾಪಸ್ ಬಂದು ಬರೆದೆ: "ಆಡಿಟರ್ ಆಫೀಸಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದವಳು ನಾನು. ಬ್ರಿಸ್ಬೇನಿನವಳು ಟೀಮ್ ಲೀಡರ್, ಅಡಿಲೇಡಿನವಳು ರೀಜನಲ್ ಮ್ಯಾನೇಜರ್. ನಾನು ಮಾತ್ರ ಯಾಕೆ ಜೂನಿಯರ್ ಟ್ರೈನಿ?"

ಉತ್ತರ ತಕ್ಷಣ ಬಂತು. "ಡಿಯರ್ ಮೇಡಂ, ಸಾರಿ ಫಾರ್ ಮಿಸ್ಟೇಕ್. ಯು ಆರ್ ನೌ ಆಲ್ ಆಸ್ಟ್ರೇಲಿಯಾ ಹೆಡ್." ಪಕ್ಕದಲ್ಲಿ ಒಂದು ಇಡೀ ಗುಲಾಬಿ ಗುಚ್ಛ.

ಸ್ಕ್ರೀನ್‌ಶಾಟ್ ತೆಗೆದು ಬ್ರಿಸ್ಬೇನಿಗೂ ಅಡಿಲೇಡಿಗೂ ಕಳಿಸಿದೆ. ಆಮೇಲೆ ಬ್ಲಾಕ್ ಮಾಡಿದೆ.

ಓರಗಿತ್ತಿ ಎರಡು ದಿನ ಮಾತಾಡಲಿಲ್ಲ. ಅಡಿಲೇಡಿನವಳು ಮಾತ್ರ ಆ ಕ್ಷಣವೇ ಫೋನ್ ಮಾಡಿ ಕೂಗಾಡಿದಳು: "ಬ್ಲಾಕ್ ಮಾಡೋ ಮುಂಚೆ ನನಗೂ ಒಂದು ಪ್ರಮೋಷನ್ ಕೇಳಬಾರದಿತ್ತೇನೇ? ಪಾಸ್‌ಪೋರ್ಟ್ ಕೊಟ್ಟವಳು ನಾನು!"