ಬತಾಕಾ ನವೀಕರಿಸಿದ ವಾರ

ಮಂಗಳೂರಿನಲ್ಲಿ ನಮ್ಮ ಮನೆತನದ ಹೆಸರು ಹೇಳಿದರೆ ಎಂಥವರೂ ಎದ್ದು ಕುರ್ಚಿ ಕೊಡುತ್ತಾರೆ. ಅಜ್ಜ ಇಗರ್ಜಿಯ ಗುರ್ಕಾರರು, ಎಂದರೆ ಚರ್ಚಿನ ಮುಖಂಡರು; ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಆದರೂ ದೋಹಾದಲ್ಲಿ ಬತಾಕಾ ಎಂಬ ಗುರುತಿನ ಚೀಟಿಯ ಅವಧಿ ಮುಗಿದಾಗಲೆಲ್ಲ, ನಾನು ಯಾರೆಂದು ನನಗೇ ತಿಳಿಸುವವರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ.

ತೊಂಬತ್ತರ ದಶಕದ ಆ ಸಲ ಗುರುವಾರದ ವಿಮಾನಕ್ಕೆ ನನ್ನ ಟಿಕೆಟ್ ಆಗಿತ್ತು. ಶನಿವಾರ ಊರಿನಲ್ಲಿ ತಮ್ಮನ ರೋಸ್, ಮದುವೆಗೆ ಮುಂಚಿನ ತೆಂಗಿನ ಹಾಲಿನ ಶಾಸ್ತ್ರ. ಅಮ್ಮ ಇಲ್ಲದ ಮನೆಯಲ್ಲಿ ಮದುಮಗನ ತಲೆಗೆ ಮೊದಲ ತೆಂಗಿನ ಹಾಲು ಹಾಕಬೇಕಾದವಳು ಅಕ್ಕನಾದ ನಾನು. ಹೊಸ ಬತಾಕಾ ಇಲ್ಲದೆ ದೇಶ ಬಿಡುವಂತಿರಲಿಲ್ಲ.

೧. ಫೋಟೊ

ನಜ್ಮಾ ಬಡಾವಣೆಯ ಸ್ಟುಡಿಯೊದವನು ನಗಬೇಡಿ ಎಂದ. ಆ ಉದ್ದೇಶ ನನಗಿರಲಿಲ್ಲ. ಬತಾಕಾ ಕಚೇರಿಯ ಗುಮಾಸ್ತ ಹೊಸ ಫೋಟೊವನ್ನು ಹಳೆಯ ಬತಾಕಾದ ಪಕ್ಕ ಇಟ್ಟು, ಇದು ಹಳೆಯದರದೇ ಪ್ರತಿ, ಹೊಸದು ತನ್ನಿ ಎಂದ. ಅದೇ ಬಿಳಿ ಕಾಲರು, ಅದೇ ಬೈತಲೆ, ಅದೇ ಮುಖ. ವರ್ಷಕ್ಕೊಂದು ಮುಖ ಬದಲಿಸುವುದನ್ನು ನಮಗೆ ಸಿಸ್ಟರುಗಳು ಕಲಿಸಿರಲಿಲ್ಲ. ಮಾರನೆಯ ದಿನ ನೀಲಿ ರವಿಕೆ ತೊಟ್ಟು ಮತ್ತೊಂದು ತೆಗೆಸಿ ಕೊಟ್ಟೆ. ಅವನು ಕಣ್ಣರಳಿಸಿ ನೋಡಿ ಹೇಳಿದ:

"ಇದು ಸರಿ. ಇದರಲ್ಲಿ ಸಿಟ್ಟು ಹೊಸದು."

೨. ಕೌಂಟರು

ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ನಂತರ ಗಂಡನ ಹೆಸರಿದೆ. ನಮ್ಮಲ್ಲಿ ಮರ್ಯಾದಸ್ಥರ ಪದ್ಧತಿಯೇ ಅದು. ಇಲ್ಲಿಯವರಲ್ಲಿ ಆ ಜಾಗದಲ್ಲಿ ಬರುವುದು ತಂದೆಯ ಹೆಸರು. ಮದುವೆಯಾದರೂ ಹೆಂಗಸರು ಅದನ್ನು ಬಿಡುವುದಿಲ್ಲ. ಹೆಂಗಸರ ಕೌಂಟರಿನ ಅಧಿಕಾರಿಣಿ, ಇವರು ನಿಮ್ಮ ತಂದೆಯಾದರೆ ಅರ್ಜಿಯಲ್ಲಿ ಹೆಂಡತಿ ಎಂದು ಏಕೆ ಬರೆದಿದೆ ಎಂದು ಕೇಳಿದಳು. ಮದುವೆಯಾದ ಮೇಲೆ ತಂದೆಯ ಹೆಸರು ಬಿಟ್ಟು ಗಂಡನದನ್ನು ಇಟ್ಟುಕೊಂಡೆ ಎಂದು ವಿವರಿಸಿದೆ. ಆಕೆ ಪೆನ್ನು ಕೆಳಗಿಟ್ಟು, ನಿಜವಾದ ಕನಿಕರದಿಂದ ಕೇಳಿದಳು:

"ಪಾಪ, ತಂದೆ ನಿಮಗೆ ಏನು ಅನ್ಯಾಯ ಮಾಡಿದ್ದರು?"

ನಾನು ಮದುವೆಯ ಸರ್ಟಿಫಿಕೇಟು ಮುಂದಿಟ್ಟೆ. ಇದಕ್ಕೆ ಊರಿನಿಂದ ಹೊಸ ಮೊಹರು ಹಾಕಿಸಿ ತನ್ನಿ ಎಂದಳು. ಅದಕ್ಕೆ ಒಂದು ತಿಂಗಳು ಬೇಕು. ನನ್ನ ಬಳಿ ಇದ್ದದ್ದು ಎರಡು ದಿನ.

೩. ಮಂದೂಬ್

ಸರಕಾರಿ ಕಾಗದಗಳಿಗಾಗಿ ಓಡಾಡಲು ಕಂಪನಿಗಳಲ್ಲಿ ಒಬ್ಬನಿರುತ್ತಾನೆ, ಮಂದೂಬ್. ನಮ್ಮ ಯಜಮಾನರ ಕಂಪನಿಯವನು ಉಪ್ಪಳದ ಬ್ಯಾರಿ. ಕಾಗದಗಳನ್ನೆಲ್ಲ ಅವನೇ ಹೊತ್ತುಕೊಂಡು ಹೋದ. ಬುಧವಾರ ಮಧ್ಯಾಹ್ನ ಬತಾಕಾ ಹಿಡಿದುಕೊಂಡೇ ಬಂದ.

"ಖಲಾಸ್, ಬಾಯಮ್ಮಾ. ಹೆಂಡತಿ ಅಂತ ಹೇಳಿದ್ರೆ ಪೇಪರ್ ಕೇಳ್ತಾರೆ. ಮಗಳು ಅಂತ ಬರೆಸಿದೆ. ಹೆಸರೇ ಸಾಕ್ಷಿ."

ಇವರು ನನಗಿಂತ ಆರು ವರ್ಷ ದೊಡ್ಡವರು. ಆರನೆಯ ವಯಸ್ಸಿಗೇ ತಂದೆಯಾದ ಗಂಡಸಿನ ಬಗ್ಗೆ ಅಲ್ಲಿ ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದೆ.

"ಬಂತು ಬಾಯಮ್ಮಾ. ನಿಮ್ಮ ಫೋಟೊ ನೋಡಿ ಸುಮ್ಮನಾದ್ರು."

೪. ವಿಮಾನ ನಿಲ್ದಾಣ

ಗುರುವಾರ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಬತಾಕಾ ಓದಿ, ಮಗಳು ಒಬ್ಬಳೇ ಹೋಗುವುದಾದರೆ ತಂದೆಯ ಅನುಮತಿ ಎಲ್ಲಿ ಎಂದ. ನನ್ನನ್ನು ಕಳಿಸಲು ಬಂದ ಇವರು ಹಿಂದೆಯೇ ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದೆ ಬಂದು, "ತಂದೆ ನಾನೇ," ಎಂದರು. ಕಾಗದ ಕೇಳಿ ಪಡೆದು ಇಂಗ್ಲಿಷಿನಲ್ಲಿ ಬರೆದುಕೊಟ್ಟರು: ನನ್ನ ಮಗಳು ಎರಡು ವಾರ ಊರಿಗೆ ಹೋಗಬಹುದು. ಒಳ್ಳೆಯ ಹುಡುಗಿ, ಸ್ವಲ್ಪ ಹಟಮಾರಿ.

ಅಧಿಕಾರಿ ಮೊಹರು ಎತ್ತಿದವನು ಅರ್ಧದಲ್ಲೇ ತಡೆದ. ನನ್ನನ್ನೊಮ್ಮೆ ನೋಡಿ ಹಿಂದಿಯಲ್ಲಿ ಬುದ್ಧಿ ಹೇಳಿದ:

"ಅಪ್ಪನ ಹಣೆಗೆ ಮುತ್ತಿಟ್ಟು ಹೋಗು."

ಅದು ಇಲ್ಲಿಯ ಮಕ್ಕಳು ತಂದೆಗೆ ತೋರಿಸುವ ಗೌರವ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನಾಲ್ಕು ಜನರ ಮುಂದೆ ನಾನು ಇವರ ಕೈಯನ್ನೂ ಹಿಡಿದವಳಲ್ಲ. ಹಿಂದೆ ಉದ್ದನೆಯ ಸಾಲು. ಮೊಹರು ಇನ್ನೂ ಗಾಳಿಯಲ್ಲಿತ್ತು. ಇವರು, ಅನುಕೂಲವಾಗಲೆಂದು, ತಲೆ ಬಗ್ಗಿಸಿ ಕಾದರು.

ಮುತ್ತಿಟ್ಟೆ. ಮೊಹರು ಬಿತ್ತು. "ದೇವರು ಒಳ್ಳೆಯದು ಮಾಡಲಿ, ಮಗಳೇ," ಎಂದರು ಇವರು.

ಶನಿವಾರ ತಮ್ಮನ ತಲೆಗೆ ಮೊದಲ ಹಾಲು ನಾನೇ ಹಾಕಿದೆ. ಅಂದಿನಿಂದ ಇಲ್ಲಿ ರಜೆಯಿರುವ ಪ್ರತಿ ಶುಕ್ರವಾರ ಬಲಿಪೂಜೆ ಮುಗಿದ ಮೇಲೆ ಇವರು ಸ್ನೇಹಿತರ ನಡುವೆ ನಿಂತು, ತಲೆ ಬಗ್ಗಿಸಿ ತೋರಿಸಿ, ಈ ಕಥೆ ಹೇಳುತ್ತಿದ್ದಾರೆ. ಇವರು ನನ್ನಲ್ಲಿ ಕ್ಷಮೆ ಕೇಳಬೇಕು. ಲಿಖಿತವಾಗಿ, ಗಂಡನೆಂದು ಸಹಿ ಹಾಕಿ.