ದೊಡ್ಡಮ್ಮ ಹಚ್ಚಿದ ಒಲೆ

ನಮ್ಮ ದೊಡ್ಡಮ್ಮನ ಮಡಿಯನ್ನು ಸ್ಟಾಕ್‌ಹೋಮ್ ಏರ್‌ಪೋರ್ಟಿನ ಕಸ್ಟಮ್ಸಿನವರು ಹಿಡಿಯಲಿಲ್ಲವಲ್ಲ, ಇದು ನನಗೆ ಇವತ್ತಿಗೂ ಆಶ್ಚರ್ಯ! ಸೂಟ್‌ಕೇಸಿನಲ್ಲಿ ತುಂಬಿದ್ದದ್ದೆಲ್ಲ ಅದೇ. ನಾಲ್ಕು ಸೀರೆ ಬಿಟ್ಟರೆ ಉಳಿದದ್ದು ಪಾತ್ರೆ, ಸೌಟು, ಸಟ್ಟುಗ, ಜರಡಿ, ಚಕ್ಕುಲಿ ಒರಳು. ಹಳೇ ಪಂಚೆಯಲ್ಲಿ ಸುತ್ತಿದ್ದ ತುರಿಮಣೆಯನ್ನು ಬಿಚ್ಚಿ, ಅದರ ಹಲ್ಲು ನೋಡಿ ಬೆಚ್ಚಿಬಿದ್ದ ಆಫೀಸರು ಇದೇನು ಅಂತ ಕೇಳಿದನಂತೆ. ದೊಡ್ಡಮ್ಮ ಅದನ್ನು ನೆಲಕ್ಕಿಳಿಸಿ, ಅದರ ಮೇಲೆ ಕೂತು, ಇಲ್ಲದ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಪೂರಾ ಒಂದು ಹೋಳು ತುರಿದು ತೋರಿಸಿದರಂತೆ. ಪಾಪ, ಆತ ಸೂಟ್‌ಕೇಸನ್ನು ತಾನೇ ಮುಚ್ಚಿಕೊಟ್ಟು ಕಳಿಸಿದ.

ದೊಡ್ಡಮ್ಮ ಅಂದರೆ ನನ್ನ ಗಂಡನ ದೊಡ್ಡಮ್ಮ. ಅವನು ತಾಯಿ ಇಲ್ಲದ ಮಗು, ಸಾಕಿ ಬೆಳೆಸಿದವರು ಇವರೇ. ನಾನು ಮಂಗಳೂರಿನ ಕ್ಯಾಥೊಲಿಕ್ ಹುಡುಗಿ. ಮುಂದಿನದನ್ನು ನೀವೇ ಊಹಿಸಬಹುದು ಅಂತ ನಿಮಗೆ ಅನ್ನಿಸುತ್ತದೆ. ಇಲ್ಲ ಮಾರಾಯ್ರೆ, ಊಹಿಸಲು ಆಗುವುದಿಲ್ಲ! ದೊಡ್ಡಮ್ಮ ಒಂದು ದಿನ ಗಲಾಟೆ ಮಾಡಲಿಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಮದುವೆಗೆ ಬಂದರು, ನನ್ನ ಗಲ್ಲ ಹಿಡಿದು ಚಂದ ಉಂಟು ಅಂದರು, ಊಟದ ಹೊತ್ತಿಗೆ ಎರಡು ಬಾಳೆಹಣ್ಣು ತಿಂದು ಹೋದರು. ಬಾಳೆಹಣ್ಣಿಗೆ ಸಿಪ್ಪೆ ಉಂಟಲ್ಲ, ಅದರೊಳಗೆ ಯಾರ ಮೈಲಿಗೆಯೂ ನುಗ್ಗುವುದಿಲ್ಲ!

ಅಲ್ಲಿಂದ ಎಂಟು ವರ್ಷ ಇದೇ ಕತೆ. ನಾವು ಊರಿಗೆ ಹೋದಾಗಲೆಲ್ಲ ನನ್ನ ತಲೆಗೆ ಎಣ್ಣೆ ತಟ್ಟುತ್ತಾರೆ. ಬಾಣಂತನಕ್ಕೆ ಅಂತ ಅಷ್ಟು ದೂರದಿಂದ ಲೇಹ್ಯ ಮಾಡಿ ಕಳಿಸಿದ್ದಾರೆ. ಅವರು ಕಡುಬು ಮಾಡಿದರೆ ದೊಡ್ಡದು ನನಗೇ. ಆದರೆ ನಾನು ಬೇಯಿಸಿದ್ದನ್ನು ಮುಂದಿಟ್ಟರೆ ಮಾತ್ರ ಹೊಟ್ಟೆಯ ಮೇಲೆ ಕೈ ಇಟ್ಟು, ನಕ್ಕು, "ಹೊಟ್ಟೆ ತುಂಬಿದೆ ಮಗಾ" ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೂ ತುಂಬಿದೆ, ಏಕಾದಶಿಯ ಮರುದಿನವೂ ತುಂಬಿದೆ! ನಾನೇನು ಅಡಿಗೆ ಬಾರದವಳಾ? ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಅನ್ನುವ ಊರಿನ ನಗರಸಭೆಯ ಶಾಲೆಯ ಅಡಿಗೆಮನೆಯಲ್ಲಿ ದಿನಾ ಮುನ್ನೂರು ಮಕ್ಕಳಿಗೆ ಬಡಿಸುವವಳು. ಆ ಮುನ್ನೂರು ಮಕ್ಕಳೂ ಬೇಡ, ಇವರೊಬ್ಬರು ಒಂದು ಸಲ ನನ್ನ ಕೈಯ ಅನ್ನ ಉಣ್ಣಲಿ ಅಂತ ನನಗಿದ್ದ ಆಸೆ ಯಾರಿಗೂ ಹೇಳುವಂಥದ್ದಲ್ಲ. ಗಂಡನಿಗೆ ಹೇಳಿದರೆ, "ಅವರು ಹಾಗೇ ಬಿಡು" ಅಂತಾನೆ.

ಎಸ್ಕಿಲ್‌ಸ್ಟುನಾದ ನಮ್ಮ ಮನೆಯ ಕರೆಂಟ್ ಒಲೆಗೆ ಪಾತ್ರೆ ಇಡುವ ನಾಲ್ಕು ಬಿಸಿ ತಟ್ಟೆ. ಬಂದ ದಿನವೇ ಹಿಂದಿನ ಎಡಗಡೆಯ ತಟ್ಟೆಯನ್ನು ದೊಡ್ಡಮ್ಮ ತೊಳೆದು, ಅರಿಶಿನ ಕುಂಕುಮ ಇಟ್ಟು, ಸ್ವಂತಕ್ಕೆ ತೆಗೆದುಕೊಂಡರು. ಉಳಿದ ಮೂರು ನಮಗೆ. ಇನ್ನೊಂದು ಚಾಳಿ, ಕರೆಂಟ್ ಉಳಿಸುವುದು. ಉರಿಯುವ ಯಾವ ಸ್ವಿಚ್ಚು ಕಂಡರೂ ಅವರ ಕೈ ತಾನಾಗಿ ಹೋಗಿ ಆರಿಸಿ ಬರುತ್ತಿತ್ತು. ನಮ್ಮ ಏಳು ವರ್ಷದ ಮಗಳು ಬಚ್ಚಲಲ್ಲಿ ಇದ್ದಾಳೋ ಇಲ್ಲವೋ ನೋಡುವುದಿಲ್ಲ. ಕತ್ತಲೆಯೊಳಗಿಂದ ಅವಳು ಸ್ವೀಡಿಷಿನಲ್ಲಿ ಕೂಗಿಕೊಳ್ಳುವುದು, ಇವರು ಕನ್ನಡದಲ್ಲಿ ಬೈಯುವುದು, ಇದು ನಮ್ಮ ಮನೆಯ ಸುಪ್ರಭಾತ.

ಆ ಬೇಸಿಗೆ ರಜೆಯಲ್ಲಿ ನನಗೆ ಮೂರು ವಾರದ ಒಂದು ಕೆಲಸ ಸಿಕ್ಕಿತು. ಊರಿನಿಂದ ಸ್ವಲ್ಪ ದೂರ, ಸರೋವರದ ದಡದಲ್ಲಿ ಒಂದು ಹಳೇ ವಸತಿಶಾಲೆ. ಲಂಡನ್ನು, ಪ್ಯಾರಿಸ್ಸು, ಬುಡಾಪೆಸ್ಟಿನಿಂದೆಲ್ಲ ಬಂದ ಎಪ್ಪತ್ತು ಯಹೂದಿ ಮಕ್ಕಳಿಗೆ ಅಲ್ಲಿ ಬೇಸಿಗೆ ಶಿಬಿರ. ಎಲ್ಲ ಹದಿನಾಲ್ಕು, ಹದಿನಾರರ ಪ್ರಾಯದವರು. ಬೆಳಿಗ್ಗೆ ಧರ್ಮಗ್ರಂಥದ ಪಾಠ, ಮಧ್ಯಾಹ್ನ ಈಜು, ದೋಣಿ, ಫುಟ್‌ಬಾಲು. ಮೊಬೈಲಿನಲ್ಲಿ ಹಾವಿನ ಆಟ ಬಿಟ್ಟರೆ ಬೇರೇನೂ ಇಲ್ಲದ ಕಾಲ, ಹಾಗಾಗಿ ಮಕ್ಕಳು ನಿಜವಾಗಿಯೂ ಆಡುತ್ತಿದ್ದರು. ನಾನು ಅಡಿಗೆಯ ಸಹಾಯಕ್ಕೆ. ಗಂಡನನ್ನು ಅದೇ ಹೊತ್ತಿಗೆ ಕಂಪೆನಿಯವರು ದೂರದ ಲುಲೆಯೊ ಊರಿಗೆ ಅಟ್ಟಿದರು. ಮಗಳನ್ನೂ ದೊಡ್ಡಮ್ಮನನ್ನೂ ಎಲ್ಲಿ ಬಿಡಲಿ? ಇಬ್ಬರನ್ನೂ ಕಟ್ಟಿಕೊಂಡು ಹೋದೆ. ತುರಿಮಣೆಯೂ ಬಂತು, ಚಕ್ಕುಲಿ ಒರಳೂ ಬಂತು. ನಮಗೆ ಕೊಟ್ಟ ಕೋಣೆಯಲ್ಲಿ ದೊಡ್ಡಮ್ಮ ಪುಟ್ಟ ಕರೆಂಟ್ ಒಲೆಯೊಂದನ್ನು ಹೂಡಿ ಸ್ವತಂತ್ರ ರಾಜ್ಯ ಸ್ಥಾಪಿಸಿದರು.

ಮರುದಿನವೇ ಮೊದಲ ಅವಾಂತರ. ಪಾಠದ ಹಾಲ್‌ನಿಂದ ಭಯಂಕರ ಗದ್ದಲ. ಇಬ್ಬಿಬ್ಬರು ಎದುರುಬದುರು ಕೂತು, ಮೇಜು ಗುದ್ದಿ, ಬೆರಳು ತೋರಿಸಿ ಕೂಗಾಡುತ್ತಿದ್ದಾರೆ. ದೊಡ್ಡಮ್ಮ ಸಟ್ಟುಗ ಹಿಡಿದುಕೊಂಡೇ ಒಳಗೆ ನುಗ್ಗಿ, ಇಬ್ಬರು ಹುಡುಗರ ನಡುವೆ ನಿಂತು, ಒಬ್ಬನನ್ನು ಆ ಕಡೆ, ಒಬ್ಬನನ್ನು ಈ ಕಡೆ ಕೂರಿಸಿದರು. ಮಕ್ಕಳು ಕಕ್ಕಾಬಿಕ್ಕಿ! ಆಮೇಲೆ ತಿಳಿಯಿತು, ಅದು ಜಗಳವಲ್ಲ, ಅವರು ಓದುವ ಕ್ರಮವೇ ಹಾಗೆ. ಜೋಡಿಯಾಗಿ ಕೂತು, ಪುಸ್ತಕದ ಒಂದೊಂದು ಸಾಲಿಗೂ ವಾದ ಮಾಡಬೇಕಂತೆ, ಒಬ್ಬ ಹೌದು ಅಂದರೆ ಇನ್ನೊಬ್ಬ ಯಾಕೆ ಹೌದು ಅನ್ನಬೇಕಂತೆ. ಇದನ್ನು ಕೇಳಿ ದೊಡ್ಡಮ್ಮನಿಗೆ ಬಹಳ ಸಂತೋಷವಾಯಿತು. ತಾವು ಇಷ್ಟು ವರ್ಷ ಊರಲ್ಲಿ ಮಾಡಿಕೊಂಡು ಬಂದದ್ದು ವಿದ್ಯಾಭ್ಯಾಸ ಅಂತ ಅವರಿಗೆ ಅಂದೇ ಗೊತ್ತಾದದ್ದು.

ಅಡಿಗೆಮನೆಯ ಯಜಮಾನಿ ಮಿರಿಯಮ್ ಅಂತ, ಸುಮಾರು ಐವತ್ತೈದರ ಹೆಂಗಸು. ಅಡಿಗೆ ಅವರ ಧರ್ಮದ ನಿಯಮದ ಹಾಗೆ ನಡೆಯುತ್ತದೋ ಇಲ್ಲವೋ ನೋಡುವುದೇ ಅವರ ಉದ್ಯೋಗ. ಹಾಲಿನ ಪಾತ್ರೆಗೆ ನೀಲಿ ಟೇಪು, ಮಾಂಸದ ಪಾತ್ರೆಗೆ ಕೆಂಪು ಟೇಪು, ಒಂದಕ್ಕೊಂದು ತಾಗಬಾರದಂತೆ. ಎರಡು ಸಿಂಕು, ಎರಡು ಚಾಕು, ಎರಡು ಒರೆಸುವ ಬಟ್ಟೆ. ಸೊಪ್ಪಿನ ಒಂದೊಂದು ಎಲೆಯನ್ನೂ ದೀಪಕ್ಕೆ ಹಿಡಿದು ಹುಳ ಹುಡುಕುತ್ತಾರೆ. ಒಂದೊಂದು ಮೊಟ್ಟೆಯನ್ನೂ ಗ್ಲಾಸಿಗೆ ಒಡೆದು ರಕ್ತದ ಚುಕ್ಕೆ ನೋಡುತ್ತಾರೆ. ಬೆಳಿಗ್ಗೆ ಅವರೇ ಬಂದು ಒಲೆ ಹಚ್ಚದೆ ನಾನು ನೀರು ಕೂಡ ಕಾಯಿಸುವ ಹಾಗಿಲ್ಲ. ಮನೆಯಲ್ಲಿ ಒಬ್ಬರು, ಇಲ್ಲಿ ಇನ್ನೊಬ್ಬರು! ನನ್ನ ಹಣೆಬರಹಕ್ಕೆ ಏನು ಹೇಳುತ್ತೀರಿ?

ದೊಡ್ಡಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಎರಡು ಸಿಂಕು ನೋಡಿ ಅವರ ಕಣ್ಣು ತುಂಬಿ ಬಂತು ಅಂದರೆ ನೀವು ನಂಬಬೇಕು. ಮಾಂಸ ತಿನ್ನುವವರಲ್ಲಿ ಇಷ್ಟು ಶಿಸ್ತು ಇರುತ್ತದೆ ಅಂತ ಅವರು ಕನಸಿನಲ್ಲೂ ಎಣಿಸಿರಲಿಲ್ಲವಂತೆ. ಅಂದಿನಿಂದ ಇಬ್ಬರೂ ಅಕ್ಕಪಕ್ಕ ಸ್ಟೂಲು ಹಾಕಿಕೊಂಡು ಸೊಪ್ಪು ಆರಿಸಿದ್ದೇ ಆರಿಸಿದ್ದು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಆದರೆ ಒಂದು ಹುಳ ಸಿಕ್ಕಿದರೆ ಇಬ್ಬರಿಗೂ ಹಬ್ಬ.

ಈ ಸ್ನೇಹಕ್ಕೆ ಕಲ್ಲು ಬಿದ್ದದ್ದು ಮೊದಲ ಶನಿವಾರ. ಶುಕ್ರವಾರ ಸಾಯಂಕಾಲದಿಂದ ಶನಿವಾರ ಮುಗಿಯುವ ತನಕ ಅವರಿಗೆ ಸಬ್ಬತ್ ದಿನ. ಬೆಂಕಿ ಹಚ್ಚಬಾರದು, ಸ್ವಿಚ್ಚು ಮುಟ್ಟಬಾರದು. ಹಾಗಾಗಿ ಶುಕ್ರವಾರವೇ ದೊಡ್ಡ ಹಾಟ್‌ಪ್ಲೇಟ್ ಹಾಕಿ, ಅದರ ಮೇಲೆ ಆಲೂಗಡ್ಡೆ, ಬೀನ್ಸು, ಬಾರ್ಲಿಯ ಹಂಡೆಗಳನ್ನು ಇಟ್ಟುಬಿಡುತ್ತಾರೆ. ಅದು ಶನಿವಾರದ ಊಟದ ತನಕ ಸಣ್ಣಗೆ ಬೇಯುತ್ತಲೇ ಇರಬೇಕು. ಬೆಳಗಾಯಿತು. ದೊಡ್ಡಮ್ಮ ಎದ್ದರು, ಅಡಿಗೆಮನೆ ಕಡೆ ಬಂದರು, ಯಾರೂ ಇಲ್ಲದೆ ಸುಮ್ಮನೆ ಉರಿಯುತ್ತಿದ್ದ ಹಾಟ್‌ಪ್ಲೇಟ್ ಕಂಡರು. ಆಮೇಲಿನದು ನಿಮಗೆ ಗೊತ್ತೇ ಉಂಟಲ್ಲ!

ಊಟದ ಹೊತ್ತಿಗೆ ಮುಚ್ಚಳ ತೆಗೆದರೆ ಹಂಡೆ ತಣ್ಣಗೆ. ಮಿರಿಯಮ್ ಸ್ವಿಚ್ಚು ಹಾಕುವ ಹಾಗಿಲ್ಲ, ನನಗೆ ಹಾಕು ಅನ್ನುವ ಹಾಗೂ ಇಲ್ಲ, ಅವರಿಗೋಸ್ಕರ ನಾನಾಗಿ ಹಾಕಿದರೆ ಅವರು ಅದನ್ನು ತಿನ್ನುವ ಹಾಗೂ ಇಲ್ಲ. ನಾವು ಮೂವರು ಹೆಂಗಸರು ಆ ಸ್ವಿಚ್ಚನ್ನು ದೇವರ ಫೋಟೋ ನೋಡಿದ ಹಾಗೆ ನೋಡುತ್ತ ನಿಂತೆವು. ಕಡೆಗೆ ಎಪ್ಪತ್ತು ಮಕ್ಕಳೂ ಬ್ರೆಡ್ಡು, ತಣ್ಣಗಿನ ಮೀನು, ಸೌತೆಕಾಯಿ ತಿಂದು, ಏನೂ ಆಗದವರ ಹಾಗೆ ಮೇಜು ಬಡಿದು ಹಾಡಿದರು. ದೊಡ್ಡಮ್ಮ ಕೋಣೆಗೆ ಹೋಗಿ ದಿನವಿಡೀ ಉಪವಾಸ ಕೂತರು. ಮಿರಿಯಮ್ ಬಂದು ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು ಸುಮ್ಮನೆ ನಕ್ಕ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ಆ ಮಕ್ಕಳಿಗೆ ಏನಾದರೂ ಮಾಡಿ ಕೊಡದೆ ದೊಡ್ಡಮ್ಮನ ಋಣ ತೀರುವುದಿಲ್ಲವಲ್ಲ. ಎರಡು ದಿನ ಬಿಟ್ಟು, ನಮ್ಮ ಕೋಣೆಯ ಒಲೆಯಲ್ಲಿ ಚಕ್ಕುಲಿ ಕರಿದು, ಡಬ್ಬಿ ತುಂಬಿಸಿಕೊಂಡು ದಡಕ್ಕೆ ಹೋದರು. ದೋಣಿಯಿಂದ ಇಳಿದ ಹುಡುಗನೊಬ್ಬನ ಮುಂದೆ ಡಬ್ಬಿ ಹಿಡಿದರು. ಬುಡಾಪೆಸ್ಟಿನ ಹುಡುಗ, ಕಡ್ಡಿಯ ಹಾಗಿದ್ದ. ಡಬ್ಬಿಯನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ, ಹೊಟ್ಟೆಯ ಮೇಲೆ ಕೈ ಇಟ್ಟು, ನಕ್ಕು, ಇಂಗ್ಲಿಷಿನಲ್ಲಿ ಏನೋ ಹೇಳಿದ. ಏನಂತೆ ಅಂತ ದೊಡ್ಡಮ್ಮ ನನ್ನ ಕಡೆ ತಿರುಗಿದರು.

"ಹೊಟ್ಟೆ ತುಂಬಿದೆಯಂತೆ," ಅಂದೆ.

ಇನ್ನೂ ನಾಲ್ವರಿಗೆ ಹಿಡಿದರು. ನಾಲ್ವರದ್ದೂ ಹೊಟ್ಟೆ ತುಂಬಿತ್ತು! ದೊಡ್ಡಮ್ಮನ ಚಕ್ಕುಲಿಯನ್ನು ಬೇಡ ಅಂದವರು ಈ ಭೂಮಿಯ ಮೇಲೆ ಅಲ್ಲಿಯ ತನಕ ಹುಟ್ಟಿರಲಿಲ್ಲ. ಅವರು ಅಲ್ಲೇ ಕಲ್ಲಿನ ಮೇಲೆ ಕೂತರು.

"ಸುಳ್ಳು ಹೇಳುತ್ತಾನೆ. ಹೊಟ್ಟೆ ತುಂಬಿದ ಮಗು ಡಬ್ಬಿಯನ್ನು ಹಾಗೆ ನೋಡುವುದಿಲ್ಲ. ನನ್ನ ಕೈಯದ್ದು ಅಂತ ಬೇಡ, ಅಲ್ವಾ?"

ನನ್ನ ಬಾಯಿ ಸುಮ್ಮನಿರಬೇಕಲ್ಲ? ಎಂಟು ವರ್ಷದ್ದು ಒಟ್ಟಿಗೇ ಬಂತು. "ನೀವು ನನಗೆ ಹೇಳುವುದೂ ಅದೇ ಅಲ್ವಾ ದೊಡ್ಡಮ್ಮ," ಅಂದೆ.

ಅವರು ಡಬ್ಬಿಯ ಮುಚ್ಚಳ ಹಾಕಿದರು. ಎದ್ದು ಕೋಣೆಗೆ ನಡೆದರು. ನನಗೋ, ಅಯ್ಯೋ ಯಾಕೆ ಅಂದೆ ಅಂತ ಆಮೇಲೆ ಅನ್ನಿಸಿತು. ಕಡೆಗೆ ಮಿರಿಯಮ್ ಹತ್ತಿರ ಹೋಗಿ ಚಕ್ಕುಲಿಯ ಕತೆ ಹೇಳಿದೆ. ಅವರು ಯೋಚನೆ ಮಾಡಿ, ಅದಕ್ಕೇನಂತೆ, ನಮ್ಮ ಅಡಿಗೆಮನೆಯಲ್ಲೇ ಮಾಡಲಿ ಅಂದರು. ಹಿಟ್ಟು, ಎಣ್ಣೆ ಅವರು ಪರೀಕ್ಷೆ ಮಾಡಿದ್ದು. ಬಾಣಲೆ ಹೊಸದು. ದೊಡ್ಡಮ್ಮನ ಅಜ್ಜಿಯ ಕಾಲದ ಹಿತ್ತಾಳೆ ಒರಳನ್ನು ಮಾತ್ರ ಕುದಿಯುವ ನೀರಿನಲ್ಲಿ ಮುಳುಗಿಸಿ ಶುದ್ಧ ಮಾಡಬೇಕು. ಇದನ್ನು ದೊಡ್ಡಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ತಮ್ಮ ಒರಳು ಮೈಲಿಗೆ ಅಂತ ಅನ್ನಿಸಿಕೊಳ್ಳುವ ಯೋಗ ಅವರ ಜಾತಕದಲ್ಲೇ ಇರಲಿಲ್ಲ! ಆದರೆ ಅವರು ಒರಳನ್ನು ತಾವೇ ತಂದು ಹಂಡೆಗೆ ಹಾಕಿದರು.

ಎಲ್ಲ ತಯಾರಾಯಿತು. ದೊಡ್ಡಮ್ಮ ಒಲೆಯ ನಾಬ್‌ಗೆ ಕೈ ಹಾಕಿದರು. ಮಿರಿಯಮ್ ಮೆಲ್ಲಗೆ ಅವರ ಕೈ ಸರಿಸಿ, ತಾವೇ ಆ ನಾಬ್ ತಿರುಗಿಸಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಇನ್ನು ಮಾಡಿ ಅಂತ ಕೈ ತೋರಿಸಿದರು.

ಇದೆಂತದು ಅಂತ ದೊಡ್ಡಮ್ಮ ಕೇಳಿದರು. ಬೇರೆಯವರು ಮಾಡಿದ ಅಡಿಗೆ ಇವರು ತಿನ್ನುವುದಿಲ್ಲ, ಆದರೆ ಬೆಂಕಿಯನ್ನು ತಮ್ಮವರೊಬ್ಬರು ಹಚ್ಚಿದರೆ ಆಮೇಲೆ ಯಾರು ಮಾಡಿದರೂ ತಿನ್ನಬಹುದು ಅಂತ ನಾನು ವಿವರಿಸಿದೆ.

"ಅಷ್ಟು ಸಾಕಾ?"

"ಅಷ್ಟು ಸಾಕಂತೆ."

ದೊಡ್ಡಮ್ಮ ಆ ನಾಬನ್ನು ಬಹಳ ಹೊತ್ತು ನೋಡಿದರು. ಎಣ್ಣೆ ಕಾಯ್ದು ಹೊಗೆ ಬಂದ ಮೇಲೆಯೇ ಅವರಿಗೆ ಎಚ್ಚರವಾದದ್ದು. ಅವತ್ತು ಎಪ್ಪತ್ತು ಮಕ್ಕಳೂ ಸೇರಿ ಚಕ್ಕುಲಿ ಮುಕ್ಕಿದ ರೀತಿ ನೋಡಬೇಕಿತ್ತು ನೀವು! ಬುಡಾಪೆಸ್ಟಿನ ಆ ಕಡ್ಡಿ ಹುಡುಗ ಒಬ್ಬನೇ ಹನ್ನೊಂದು ತಿಂದ. ಸಾಯಂಕಾಲದ ಫುಟ್‌ಬಾಲಿನಲ್ಲಿ ಅವನಿಗೆ ಓಡಲಿಕ್ಕಾಗಲಿಲ್ಲ.

ಶಿಬಿರ ಮುಗಿಸಿ ಮನೆಗೆ ಬಂದ ಮರುದಿನ. ನಾನು ಅಡಿಗೆಮನೆಯಲ್ಲಿ ತೊಗರಿಬೇಳೆ ತೊಳೆಯುತ್ತಿದ್ದೆ. ದೊಡ್ಡಮ್ಮ ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ ಬಂದರು. ಅವರ ಅರಿಶಿನ ಕುಂಕುಮದ ತಟ್ಟೆಯ ಕಡೆ ಹೋಗಲಿಲ್ಲ. ಮುಂದೆ ಬಲಗಡೆ ಇರುವ ನನ್ನ ತಟ್ಟೆಯ ನಾಬ್ ಹಿಡಿದು ತಿರುಗಿಸಿದರು. ಎರಡು ಹೆಜ್ಜೆ ಹಿಂದೆ ಸರಿದರು.

"ಎಂತ ನೋಡುವುದು? ಬೆಂಕಿ ನಾನು ಹಚ್ಚಿದ್ದೇನೆ. ಇನ್ನು ನೀನು ಮಾಡು."

ಮುನ್ನೂರು ಮಕ್ಕಳಿಗೆ ಬಡಿಸುವವಳು ನಾನು, ಮೂರು ಜನರ ತೊವ್ವೆಗೆ ಎರಡು ಸಲ ಉಪ್ಪು ಹಾಕಿದೆ! ದೊಡ್ಡಮ್ಮ ಮೊದಲ ತುತ್ತು ಬಾಯಿಗಿಟ್ಟು, ಉಪ್ಪು ಜಾಸ್ತಿಯಾಯಿತು ಅಂದರು. ಪೂರಾ ಉಂಡರು. ಮಾರನೇ ದಿನವೂ ಬಂದು ನಾಬ್ ತಿರುಗಿಸಿದರು, ಅದರ ಮಾರನೇ ದಿನವೂ. ಲುಲೆಯೊದಿಂದ ಬಂದ ಗಂಡ ಇದನ್ನು ನೋಡಿ, ಬಾಗಿಲಲ್ಲೇ ನಿಂತು, ಬೂಟು ಬಿಚ್ಚುವುದನ್ನೇ ಮರೆತ.

ಅವರು ಊರಿಗೆ ಹೊರಟ ದಿನ ಬೆಳಿಗ್ಗೆ ಪ್ಯಾಕಿಂಗಿನ ಗಡಿಬಿಡಿ. ನಾನು ಬೇಗ ಎದ್ದು, ಒಬ್ಬಳೇ ಅನ್ನ, ಸಾರು ಮಾಡಿ ಇಟ್ಟಿದ್ದೆ. ದೊಡ್ಡಮ್ಮ ಬಂದು ಊಟದ ತಟ್ಟೆಯ ಮುಂದೆ ಕೂತರು. ಬಡಿಸಿದೆ. ಎರಡು ತುತ್ತು ಹೋದ ಮೇಲೆ, ಎಲ್ಲವನ್ನೂ ಲೆಕ್ಕ ಇಡುವ ನನ್ನ ಮಗಳು ಸುಮ್ಮನಿರಬೇಕಲ್ಲ, ಅಜ್ಜಿ ಇವತ್ತು ಒಲೆ ಹಚ್ಚಲೇ ಇಲ್ಲ ಅಂದುಬಿಟ್ಟಳು. ಸಾರಿನ ಸೌಟು ಕೈಯಲ್ಲಿ ಹಾಗೇ ನಿಂತಿತು.

ದೊಡ್ಡಮ್ಮ ತಲೆ ಎತ್ತಲಿಲ್ಲ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತ ತಿರುಗುವ ಆ ಹೆಂಗಸು, ಅನ್ನ ಕಲಸುತ್ತ ಹೇಳಿದರು, "ಅವತ್ತು ಹಚ್ಚಿದ್ದನ್ನು ನಾನು ಇನ್ನೂ ಆರಿಸಲಿಲ್ಲ ಮಗಾ."

ನಾನು ಇನ್ನೊಂದು ಸೌಟು ಸಾರು ಹಾಕಿದೆ. ಹೊಟ್ಟೆ ತುಂಬಿದೆ ಅಂತ ಅವರು ಹೇಳಲಿಲ್ಲ.